ಅಲ್ಸರೇಟಿವ್ ಕೊಲೈಟಿಸ್ ಇರೋರಿಗೆ ಶುಗರ್, ಫ್ಯಾಟಿ ಲಿವರ್ ಬಂದ್ರೆ ಎರಡಕ್ಕೂ ಸಂಬಂಧ ಇದೆಯಾ?

ನೀವು ಕೇಳಿರೋದು ಇಷ್ಟು: ಕೊಲೈಟಿಸ್ (ದೊಡ್ಡ ಕರುಳಲ್ಲಿ ಉರಿಯೂತ, ಹುಣ್ಣು ಆಗೋ ಕಾಯಿಲೆ) ಬಂದು ನಾಲ್ಕು ವರ್ಷ, ನೋಡೋಕೆ ಸಣ್ಣಕ್ಕೇ ಇದೀನಿ, ಆದ್ರೂ ಈಗ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರ್ಸೋ ಎಚ್‌ಬಿಎ1ಸಿ 6.2, ಸ್ಕ್ಯಾನಲ್ಲಿ ಫ್ಯಾಟಿ ಲಿವರ್, ಇದು ಬೇರೆ ಕಾಯಿಲೆನಾ ಇಲ್ಲ ಅದರದ್ದೇ ಬಾಲನಾ ಅಂತ. ನಾನು ಡಾಕ್ಟರ್ ಅಲ್ಲ, ತುಮಕೂರಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇಟ್ಕೊಂಡಿರೋನು, ಆದ್ರೆ ಒಂಬತ್ತು ವರ್ಷದಿಂದ ಇದೇ ಕೊಲೈಟಿಸ್ ಜೊತೆ ಏಗ್ತಾ ಇದೀನಿ. ಸಂಬಂಧ ಇದೆ. ಆದ್ರೆ ನನ್ನ ವಿಷಯದಲ್ಲಂತೂ ಕಾಯಿಲೆಗಿಂತ ಅದಕ್ಕೆ ನುಂಗಿದ ಮಾತ್ರೆ, ಆಗ ತಿಂದ ಊಟ, ಇವುಗಳ ಪಾಲೇ ಜಾಸ್ತಿ ಇತ್ತು.

ಮೊದಲನೇ ಸಲ ಜೋರಾಗಿ ಫ್ಲೇರ್ ಆದಾಗ, ಅಂದ್ರೆ ಕಾಯಿಲೆ ಕೆರಳಿದಾಗ, ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ 40 ಎಂಜಿ ಬರೆದ್ರು, ಬೆಳಿಗ್ಗೆ ತಿಂಡಿ ಆದ್ಮೇಲೆ ತಗೋಬೇಕು, ಆಮೇಲೆ ವಾರಕ್ಕೆ 5 ಎಂಜಿ ಇಳಿಸ್ತಾ ಬರಬೇಕು. ಎರಡು ಮೂರು ವಾರಕ್ಕೆ ಮುಖ ಪೂರಿ ಥರ ಉಬ್ತು, ಹಸಿವು ಅಂದ್ರೆ ರಾತ್ರಿ ಎರಡು ಗಂಟೆಗೆ ಎದ್ದು ಬ್ರೆಡ್ ತಿನ್ನೋ ಹಸಿವು. ಲ್ಯಾಬಲ್ಲಿ ಖಾಲಿ ಹೊಟ್ಟೆ ಶುಗರ್ 94, ಏನೂ ತೊಂದರೆ ಇಲ್ಲ ಅಂದ್ರು. ಒಂದಿನ ಅಂಗಡೀಲಿ ಕೂತಿದ್ದಾಗ ಎಷ್ಟು ನೀರು ಕುಡಿದ್ರೂ ಬಾಯಾರಿಕೆ ಹೋಗ್ತಿಲ್ಲ, ಕಣ್ಣು ಬೇರೆ ಮಂಜು, ಮನೆಗೆ ಬಂದು ಅಪ್ಪನ ಗ್ಲುಕೋಮೀಟರಲ್ಲಿ ಬೆರಳು ಚುಚ್ಚಿ ನೋಡ್ದೆ, ಸಂಜೆ ನಾಲ್ಕೂವರೆಗೆ 268! ಮಿಷನ್ ಕೆಟ್ಟಿರ್ಬೇಕು ಅಂತ ಅಪ್ಪಂಗೂ ಚುಚ್ಚಿದ್ರೆ ಅವ್ರದ್ದು 140, ಇಪ್ಪತ್ತು ವರ್ಷದ ಶುಗರ್ ಪೇಷಂಟ್ ಅವ್ರು, ಅವತ್ತು ಅವ್ರ ಮುಖದಲ್ಲಿದ್ದ ಗತ್ತು ನೋಡ್ಬೇಕಿತ್ತು. ಆಮೇಲೆ ಗೊತ್ತಾಯ್ತು, ಬೆಳಿಗ್ಗೆ ತಗೊಂಡ ಪ್ರೆಡ್ನಿಸೊಲೋನ್ ಶುಗರ್ ಏರಿಸೋದು ಮಧ್ಯಾಹ್ನದಿಂದ ಸಂಜೆವರೆಗೆ, ಬೆಳಗಾಗೋಷ್ಟರಲ್ಲಿ ಇಳಿದಿರುತ್ತೆ, ಹಾಗಾಗಿ ಖಾಲಿ ಹೊಟ್ಟೆ ಟೆಸ್ಟಿನ ಕೈಗೆ ಅದು ಎಷ್ಟೋ ಸಲ ಸಿಗೋದೇ ಇಲ್ಲ. ಸ್ಟೀರಾಯ್ಡ್ ಕೋರ್ಸಲ್ಲಿದ್ರೆ ಮಧ್ಯಾಹ್ನದ ಊಟ ಆಗಿ ಎರಡು ಗಂಟೆ ಬಿಟ್ಟು ನೋಡ್ಕೊಳ್ಳಿ. ಹಾಗಂತ ಹೆದ್ರಿ ಮಾತ್ರೆ ದಿಢೀರ್ ಅಂತ ನಿಲ್ಲಿಸ್ಬೇಡಿ, ಅಷ್ಟರಲ್ಲಿ ದೇಹ ತಾನೇ ಮಾಡ್ಕೊಳ್ಳೋ ಸ್ಟೀರಾಯ್ಡ್, ಕಾರ್ಟಿಸೋಲ್, ಅದರ ತಯಾರಿ ಕಮ್ಮಿ ಮಾಡ್ಕೊಂಡಿರುತ್ತೆ, ಅದು ಇನ್ನೊಂದು ಅಪಾಯ.

ಊಟದ ಕಥೆ ಕೇಳಿ. ಫ್ಲೇರಲ್ಲಿ ನಾರು ಬೇಡ ಅಂತ ಮುದ್ದೆ, ಸೊಪ್ಪು, ಕಾಳು ಎಲ್ಲ ಬಿಡಿಸಿ ಮೆತ್ತಗೆ ಬೇಯಿಸಿದ ಬಿಳಿ ಅನ್ನ, ಮಜ್ಜಿಗೆ, ರವೆ ಗಂಜಿ ಅಂದ್ರು, ಆ ಟೈಮಿಗೆ ಅದು ಸರೀನೇ. ಹೊಟ್ಟೆ ಸರಿ ಹೋದ್ಮೇಲೂ ಹೆದರ್ಕೊಂಡು ಒಂದೂವರೆ ವರ್ಷ ಅದನ್ನೇ ತಿಂದಿದ್ದು ನನ್ನ ಪೆದ್ದುತನ. ತೂಕ ವಾಪಸ್ 64 ಕೆಜಿಗೆ ಬಂತು ಅಂತ ಅಮ್ಮಂಗೆ ಖುಷಿ, ಆದ್ರೆ ಹಳೇ ಪ್ಯಾಂಟ್ ಹಾಕಿದ್ರೆ ತೊಡೆ ಹತ್ರ ಲೂಸು, ಸೊಂಟದ ಹತ್ರ ಗುಂಡಿ ಕೂರ್ತಿಲ್ಲ. ಹೋಗಿದ್ದು ಮಾಂಸಖಂಡ, ಬಂದಿದ್ದು ಕೊಬ್ಬು. ಊಟದ ಸಕ್ಕರೆ ಹೆಚ್ಚಾಗಿ ಹೋಗಿ ಸೇರೋದೇ ಮಾಂಸಖಂಡಕ್ಕೆ, ಅದೇ ಕರಗಿದ್ರೆ ಸಕ್ಕರೆ ರಕ್ತದಲ್ಲೇ ಸುತ್ತುತ್ತೆ. ಅದಕ್ಕೆ ನೀವು ಸಣ್ಣಕ್ಕಿದೀನಿ ಅನ್ನೋದನ್ನ ತಕ್ಕಡಿ ನೋಡಿ ಹೇಳ್ಬೇಡಿ, ಟೇಪ್ ಹಿಡಿದು ಸೊಂಟ ಅಳೀರಿ, ನಮ್ಮ ದೇಶದೋರಿಗೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ರೆ ಜಾಸ್ತಿ ಅಂತ ಲೆಕ್ಕ.

ಇನ್ನು ಕಾಯಿಲೆಯ ಪಾಲು. ಹೊಟ್ಟೆ ಒಳಗಿನ ಕೊಬ್ಬು ಸುಮ್ನೆ ಕೂತಿರಲ್ಲ, ಟಿಎನ್‌ಎಫ್ ಅನ್ನೋ ಉರಿಯೂತದ ಪ್ರೋಟೀನ್ ಬಿಡುತ್ತೆ, ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತೆ ಅಂತ 1993ರಲ್ಲೇ ಬೊಜ್ಜಿನ ಇಲಿಗಳಲ್ಲಿ ತೋರ್ಸಿದಾರೆ. ನಮ್ಮ ಕರುಳಿಗೆ ಬೆಂಕಿ ಇಡೋರ ಪೈಕಿ ಅದೂ ಒಂದು, ಇನ್‌ಫ್ಲಿಕ್ಸಿಮ್ಯಾಬ್ ಡ್ರಿಪ್ ಹಾಕಿ ತಡೆಯೋದು ಅದನ್ನೇ. ಕೊಲೈಟಿಸ್ ಥರದ್ದೇ ಇನ್ನೊಂದು ಕರುಳಿನ ಉರಿಯೂತದ ಕಾಯಿಲೆ ಕ್ರೋನ್ಸ್, ಅದು ಇರೋರಲ್ಲಂತೂ ಕೆಟ್ಟ ಕರುಳಿನ ಸುತ್ತ ಕೊಬ್ಬು ಬಳ್ಳಿ ಥರ ಹಬ್ಬಿರೋದು ಆಪರೇಷನ್ ಮಾಡೋ ಸರ್ಜನ್‌ಗೆ ಕಣ್ಣಿಗೇ ಕಾಣುತ್ತೆ. ಬೊಜ್ಜಿದ್ರೆ ಮುಂದೆ ಕ್ರೋನ್ಸ್ ಬರೋ ಸಾಧ್ಯತೆ ಸ್ವಲ್ಪ ಹೆಚ್ಚು ಅಂತ ಅಧ್ಯಯನಗಳಲ್ಲಿ ಕಂಡಿದೆ, ಕೊಲೈಟಿಸಿಗೆ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ. ಫ್ಯಾಟಿ ಲಿವರ್ ಮಾತ್ರ ಕ್ರೋನ್ಸ್, ಕೊಲೈಟಿಸ್ ಎರಡೂ ಥರದೋರಿಗೆ ಬರುತ್ತೆ, ಸಣ್ಣಕ್ಕಿರೋರನ್ನೂ ಬಿಡಲ್ಲ.

ಈಗ ನಿಮ್ಮ 6.2. ಅದನ್ನ ನಂಬೋ ಮೊದ್ಲು ಅದೇ ರಿಪೋರ್ಟಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ನೋಡಿ. ಕಬ್ಬಿಣ ಕಮ್ಮಿ ಆಗಿ ರಕ್ತಹೀನತೆ ಇದ್ರೆ ಎಚ್‌ಬಿಎ1ಸಿ ಇರೋದಕ್ಕಿಂತ ಜಾಸ್ತಿ ತೋರಿಸಬಹುದು, ರಕ್ತ ಹಾಕಿಸ್ಕೊಂಡಿದ್ರೆ ಇಲ್ಲಾ ಕೊಲೈಟಿಸಿಗೆ ಕೊಡೋ ಮಾತ್ರೆ ಸಲ್ಫಾಸಲಜೀನ್‌ನಿಂದ ಕೆಂಪುಕಣ ಬೇಗ ಒಡೀತಿದ್ರೆ ಕಮ್ಮಿ ತೋರಿಸಬಹುದು. ಎರಡನೇ ಫ್ಲೇರಲ್ಲಿ ನನ್ನ ಹಿಮೋಗ್ಲೋಬಿನ್ 8.2, ಎಚ್‌ಬಿಎ1ಸಿ 6.3 ಇತ್ತು, ಕಬ್ಬಿಣದ ಡ್ರಿಪ್ ಹಾಕಿ ಮೂರು ತಿಂಗಳಿಗೆ ನೋಡಿದ್ರೆ 5.7, ಮಧ್ಯೆ ಊಟ ವ್ಯಾಯಾಮ ಏನೂ ಬದಲಾಯಿಸಿರ್ಲಿಲ್ಲ. ಅದಕ್ಕೆ ಊಟಕ್ಕೆ ಮುಂಚೆ, ಊಟ ಆದ್ಮೇಲೆ ಎರಡೂ ಶುಗರ್ ಬೇರೆ ನೋಡಿಸಿ.

ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಶುರು ಮಾಡಿದ್ರೆ ಇನ್ನೊಂದು ತಲೆನೋವು, ಮೊದಮೊದಲು ಲೂಸ್ ಮೋಷನ್ ಆಗುತ್ತೆ, ಫ್ಲೇರೇ ಬಂತು ಅಂತ ಜೀವ ಹಾರಿಹೋಗುತ್ತೆ. ರಕ್ತ ಹೋಗ್ತಿದ್ರೆ ತಡ ಮಾಡ್ಬೇಡಿ, ಬರೀ ನೀರಾಗಿದ್ರೆ ಡಾಕ್ಟರ್ ಹತ್ರ ಕರುಳಲ್ಲಿ ಉರಿಯೂತ ಇದೆಯಾ ಅಂತ ತೋರ್ಸೋ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಟೆಸ್ಟ್ ಬಗ್ಗೆ ಕೇಳಿ. ರಕ್ತದಲ್ಲಿ ಉರಿಯೂತ ನೋಡೋ ಸಿಆರ್‌ಪಿ ಟೆಸ್ಟ್ ಬೊಜ್ಜಿಗೂ ಏರುತ್ತೆ, ಅದೊಂದನ್ನೇ ಹಿಡ್ಕೊಂಡು ಕೂತ್ರೆ ಕರುಳಿನ ಸುದ್ದಿ ಸರಿಯಾಗಿ ಗೊತ್ತಾಗಲ್ಲ. ನಾನು ಈಗ ರಾತ್ರಿ ಮುದ್ದೆ ಉಣ್ತೀನಿ, ಮುಷ್ಟಿಯಷ್ಟರಿಂದ ಶುರು ಮಾಡಿ ಪೂರ್ತಿ ಒಂದು ಮುದ್ದೆಗೆ ಬರೋಕೆ ಎರಡು ತಿಂಗಳು ಹಿಡೀತು.