ಸಂಬಳದ ಬಾಬ್ತನ್ನು ಅಡಗಿಸಬೇಡಿ

ಹಳ್ಳಿಗಳಲ್ಲಿ ಮಾನಸಿಕ ಕಾಯಿಲೆ ಇರುವವರ ಮನೆಗೆ ಹೋಗಿ ವಿಚಾರಿಸಿಕೊಳ್ಳುವ ನಾಲ್ಕು ಜನರ ಟ್ರಸ್ಟ್ ನಿಮ್ಮದು. ಮೂರು ಕಡೆ ಅರ್ಜಿ ಹಾಕಿದರೂ ಅನುದಾನ ಬರಲಿಲ್ಲ, ಇನ್ನು ಯಾರನ್ನು ಕೇಳಬೇಕು ಎಂದಿದ್ದೀರಿ. ಇಂಥದ್ದೇ ಸಂಸ್ಥೆಯೊಂದರ ಲೆಕ್ಕಪತ್ರ ನೋಡಿಕೊಂಡು ಹನ್ನೊಂದು ವರ್ಷ ಅರ್ಜಿ ಬರೆದವನು ನಾನು. ಬಂದ ಹಣಕ್ಕಿಂತ ಬಂದ ವಿಷಾದ ಪತ್ರಗಳೇ ಹೆಚ್ಚು.

ಕಾಗದಪತ್ರ ಇವೆಯಲ್ಲವೇ? ಜನ 12ಎ, 80ಜಿ ಎಂದು ಕರೆಯುವ ಆದಾಯ ತೆರಿಗೆ ವಿನಾಯಿತಿಯ ನೋಂದಣಿಗಳು, ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಪೋರ್ಟಲ್ ದರ್ಪಣ್‌ನ ಸಂಖ್ಯೆ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣಕ್ಕೆ ಸಿಎಸ್‌ಆರ್-1 ನೋಂದಣಿ. ಇವಿಲ್ಲದಿದ್ದರೆ ಅರ್ಜಿಯ ಮೊದಲ ಪುಟವನ್ನೂ ಓದುವುದಿಲ್ಲ. ವಿದೇಶಿ ಹಣದ ಗೊಡವೆ ಸದ್ಯಕ್ಕೆ ಬೇಡ. ಅದಕ್ಕೆ ಮೂರು ವರ್ಷಗಳಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿದ ಲೆಕ್ಕ ತೋರಿಸಬೇಕು.

ನಾನು ಎಡವಿದ್ದು ಬಜೆಟ್‌ನಲ್ಲಿ. ಒಂದು ಕಂಪನಿಯ ಅಧಿಕಾರಿ, ‘ಸಂಬಳಕ್ಕೆ ಶೇ 5ರ ಮಿತಿ ಇದೆ. ಶಿಬಿರ ಮಾಡಿ, ಬೇಕಿದ್ದರೆ ಗಾಲಿಕುರ್ಚಿ ಕೊಡುತ್ತೇವೆ’ ಎಂದರು. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವವರಿಗೆ ಗಾಲಿಕುರ್ಚಿ! ನಾನು ತಲೆಯಾಡಿಸಿ ಬಂದೆ. 2013ರ ಕಂಪನಿ ಕಾಯ್ದೆಯ ಸಿಎಸ್‌ಆರ್ ನಿಯಮದ ಆ ಮಿತಿ ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ ಮಾತ್ರ, ಮನೆಭೇಟಿ ಮಾಡುವ ಕಾರ್ಯಕರ್ತೆಯ ಸಂಬಳ ಯೋಜನೆಯದೇ ಖರ್ಚು ಎಂಬುದು ತಿಳಿದದ್ದು ಆಮೇಲೆ. ಅಲ್ಲಿಯವರೆಗೆ ಆ ಸಂಬಳವನ್ನು ‘ಇತರೆ’ಯಲ್ಲಿ ತುರುಕುತ್ತಿದ್ದೆ. ಓದುವವರಿಗೆ ಅನುಮಾನ ಬರದೆ ಇರುತ್ತದೆಯೇ?

ಮುಂದಿನ ಅರ್ಜಿಯಲ್ಲಿ ಸಂಬಳ ಮತ್ತು ಬಸ್ ಚಾರ್ಜನ್ನೇ ಮೊದಲ ಸಾಲಿನಲ್ಲಿ ಬರೆದೆ. ಮಾತ್ರೆಗೆ ಹಣ ಕೇಳಲಿಲ್ಲ. ಅವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ತಂದ ಮಾತ್ರೆ ಹೊಟ್ಟೆಗೆ ಹೋಗುತ್ತಿದೆಯೇ? ಹೆಸರು ಮುಚ್ಚಿ, ನಮ್ಮ ಕಾರ್ಯಕರ್ತೆಯ ಭೇಟಿ ಪುಸ್ತಕದ ಒಂದು ಪುಟವನ್ನು ಲಗತ್ತಿಸಿದೆ: ‘ಹತ್ತರ ಪಟ್ಟಿಯಲ್ಲಿ ಏಳು ಹಾಗೇ ಇವೆ. ನುಂಗಿದರೆ ನಿದ್ದೆ ಜಾಸ್ತಿ, ಕೂಲಿಗೆ ಹೋಗಲಾಗುವುದಿಲ್ಲ ಎಂದು ಅತ್ತೆ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದಾರೆ. ಮಂಗಳವಾರ ಡಾಕ್ಟರಿಗೆ ಹೇಳಬೇಕು.’ ಮೂರು ವರ್ಷದ ಅನುದಾನ ಬಂದದ್ದು ಆ ಪುಟದಿಂದ. ಸಂದರ್ಶನಕ್ಕೆ ಬಂದವರು ಕೇಳಿದ್ದೆಲ್ಲ ಅದರ ಬಗ್ಗೆಯೇ.

ಬ್ಯಾನರ್ ಹಿಡಿಸಿ ರೋಗಿಗಳ ಫೋಟೊ ತೆಗೆಯಿರಿ ಎನ್ನುವವರೂ ಸಿಗುತ್ತಾರೆ. ಒಪ್ಪಬೇಡಿ. ಊರಿನಲ್ಲಿ ಆ ಮನೆಯ ಹುಡುಗಿಗೆ ಗಂಡು ಸಿಗುವುದು ನಿಂತರೆ ನಿಮ್ಮನ್ನು ಮತ್ತೆ ಹೊಸ್ತಿಲು ದಾಟಿಸುವುದಿಲ್ಲ.

ಯಾರನ್ನು ಕೇಳಬಹುದು ಎಂದರೆ, ಮುಂಬೈಯ ಮಾರಿವಾಲಾ ಹೆಲ್ತ್ ಇನಿಶಿಯೇಟಿವ್ ಮಾನಸಿಕ ಆರೋಗ್ಯಕ್ಕೆಂದೇ ಹಣ ಕೊಡುತ್ತದೆ. ದೀಪಿಕಾ ಪಡುಕೋಣೆ 2015ರಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯ ಸಂಸ್ಥೆ ಲಿವ್ ಲವ್ ಲಾಫ್‌ನ ಗ್ರಾಮೀಣ ಕಾರ್ಯಕ್ರಮ ಶುರುವಾದದ್ದೇ ದಾವಣಗೆರೆ ಜಿಲ್ಲೆಯಲ್ಲಿ, ಸ್ಥಳೀಯ ಸಂಸ್ಥೆಯ ಜೊತೆಗೂಡಿ. ಅಜೀಂ ಪ್ರೇಮ್‌ಜಿ ಫೌಂಡೇಷನ್ನನ್ನೂ ನೋಡಿ. ಕೇಂದ್ರದ ದೀನದಯಾಳ್ ದಿವ್ಯಾಂಗ ಪುನರ್ವಸತಿ ಯೋಜನೆಯಲ್ಲಿ ಚಿಕಿತ್ಸೆ ಪಡೆದವರ ಪುನರ್ವಸತಿ ಗೃಹಕ್ಕೆ ಅವಕಾಶವಿದೆ. ಮನೆಭೇಟಿಯಷ್ಟೇ ಮಾಡುವ ನಿಮಗೆ ಆ ಗೃಹದ ಬಾಬ್ತು ಹೊಂದುವುದಿಲ್ಲ.

ತಿರಸ್ಕೃತವಾದ ಮೂರು ಅರ್ಜಿಗಳ ಬಜೆಟ್ ಪುಟಗಳನ್ನು ಇಲ್ಲಿ ಹಾಕಿ. ಸಂಬಳ ಎಲ್ಲಿ ಅಡಗಿದೆ ಎಂದು ಮೊದಲು ಹುಡುಕೋಣ.