ಅಡುಗೆಮನೆ ಪ್ರಶ್ನೋತ್ತರ: ಜೇನು ಹಾಕಿದ ಬ್ರೆಡ್ ಏಕೆ ಉಬ್ಬಲಿಲ್ಲ?

ಪ್ರಶ್ನೆ: ಅಮೆರಿಕದವರ ವಿಧಾನ ನೋಡಿ ಮನೆಯಲ್ಲಿ ಸಿಹಿ ಬ್ರೆಡ್ ಮಾಡಿದೆ. 500 ಗ್ರಾಂ ಬ್ರೆಡ್ ಹಿಟ್ಟು, 100 ಗ್ರಾಂ ಸಕ್ಕರೆ, 250 ಮಿಲಿ ಹಾಲು, ಒಂದು ಮೊಟ್ಟೆ, 60 ಗ್ರಾಂ ಬೆಣ್ಣೆ, 7 ಗ್ರಾಂ ಯೀಸ್ಟ್ ಎಂದು ಅದರಲ್ಲಿತ್ತು. ನಾನು ಮೈದಾ ತೆಗೆದುಕೊಂಡು, ಸಕ್ಕರೆಯ ಬದಲು ಅಷ್ಟೇ ತೂಕದ ತೋಟದ ಜೇನುತುಪ್ಪ ಹಾಕಿದೆ. ಹಿಟ್ಟು ಕೈಗೆ ಅಂಟಿತು, ಒಂದು ಗಂಟೆ ಕಾದರೂ ಉಬ್ಬಲಿಲ್ಲ. 190 ಡಿಗ್ರಿಯಲ್ಲಿ ಇಟ್ಟಾಗ ಮೇಲೆಲ್ಲ ಕಪ್ಪು, ಒಳಗೆ ಹಸಿ. ಜೇನು ಯೀಸ್ಟನ್ನು ಕೊಲ್ಲುತ್ತದೆಯೇ ಅಕ್ಕಾ?
– ಓದುಗರು, ಸೋಮವಾರಪೇಟೆ

ಉತ್ತರ: ಇಲ್ಲ ತಂಗಿ, ಪಾಪ, ಜೇನಿನ ಮೇಲೆ ಆ ಆರೋಪ ಬೇಡ. ನೀವು ಪತ್ರ ಬರೆದಿರುವುದು ಕಕ್ಕಡದ, ಅಂದರೆ ನಮ್ಮ ಕೊಡಗಿನ ಜೋರು ಮಳೆಯ ತಿಂಗಳಿನಲ್ಲಿ. ಮಡಿಕೇರಿಯ ನನ್ನ ಅಡುಗೆಮನೆಯಲ್ಲಿ ಈ ದಿನಗಳಲ್ಲಿ 20 ಡಿಗ್ರಿ ದಾಟುವುದೇ ಅಪರೂಪ. ನಿಮ್ಮಲ್ಲೂ ಹೆಚ್ಚು ಬೇರೆಯಿರಲಾರದು. ಯೀಸ್ಟ್ ಚುರುಕಾಗಿ ಕೆಲಸ ಮಾಡಲು 27ರಿಂದ 30 ಡಿಗ್ರಿಯಾದರೂ ಬೇಕು. ಅದರ ಮೇಲೆ ಸಿಹಿ ಹೆಚ್ಚಿರುವ ಹಿಟ್ಟಿನಲ್ಲಿ ಯೀಸ್ಟಿಗೆ ಸಿಗಬೇಕಾದ ನೀರನ್ನು ಸಕ್ಕರೆಯೋ ಜೇನೋ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಗಂಟೆ ಎಂಬುದು ಬೆಚ್ಚಗಿನ ಮನೆಯವರ ಲೆಕ್ಕ. ನಮಗೆ ಎರಡೂವರೆ ಗಂಟೆ, ಕೆಲವೊಮ್ಮೆ ಮೂರು. ಅವಸರವಿದ್ದರೆ ಸ್ವಿಚ್ ಹಾಕದ ಓವನ್ನಿನೊಳಗೆ ಹಿಟ್ಟಿನ ಪಾತ್ರೆಯನ್ನೂ ಪಕ್ಕದಲ್ಲಿ ಒಂದು ಬೋಗುಣಿ ಕುದಿನೀರನ್ನೂ ಇಟ್ಟು ಬಾಗಿಲು ಮುಚ್ಚಿ. ಯೀಸ್ಟ್ ಹೆಚ್ಚಿಸಲು ಹೋಗಬೇಡಿ, ಬ್ರೆಡ್ಡಿಗೆ ಹುಳಿ ವಾಸನೆ ಬರುತ್ತದೆ. ಗಡಿಯಾರದ ಬದಲು ಹಿಟ್ಟನ್ನು ನೋಡಿ. ಅಚ್ಚಿಗೆ ಹಾಕಿದ ಮೇಲೆ ಒದ್ದೆ ಬೆರಳಿನಿಂದ ಒತ್ತಿದಾಗ ಗುಳಿ ತಟ್ಟನೆ ಮೇಲೇಳದೆ, ನಿಧಾನವಾಗಿ ಅರ್ಧದಷ್ಟು ಮಾತ್ರ ತುಂಬಿಕೊಂಡರೆ ಒಲೆಗೆ ಸಿದ್ಧ.

ಇನ್ನು ಅಂಟು. ಇದಕ್ಕೆ ಕಾರಣ ಎರಡು. ಜೇನಿನಲ್ಲಿ ಸುಮಾರು ಐದನೆಯ ಒಂದು ಭಾಗ ನೀರೇ. ನಾವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಹುಳದ ಜೇನು ಮಳೆಗಾಲದ್ದಾದರೆ ಇನ್ನೂ ತೆಳು. ನಮ್ಮ ಮೈದಾ ಕೂಡ ಆ ಬ್ರೆಡ್ ಹಿಟ್ಟಿನಷ್ಟು ಹಾಲು ಕುಡಿಯುವುದಿಲ್ಲ, ಅದರಲ್ಲಿ ಪ್ರೋಟೀನ್ ಕಡಿಮೆ. ಹಾಗಾಗಿ ಜೇನು 80 ಗ್ರಾಂ ಸಾಕು, ಸಕ್ಕರೆಗಿಂತ ಅದಕ್ಕೆ ಸಿಹಿಯೂ ಜಾಸ್ತಿ. ಹಾಲನ್ನು 200 ಮಿಲಿಯಿಂದ ಆರಂಭಿಸಿ, ಬೇಕೆನಿಸಿದರೆ ಒಂದೊಂದೇ ಚಮಚ ಸೇರಿಸಿ. ಬೆಣ್ಣೆಯನ್ನು ಮೊದಲೇ ಹಾಕಬಾರದು. ಹಿಟ್ಟನ್ನು ಹತ್ತು ನಿಮಿಷ ಚೆನ್ನಾಗಿ ನಾದಿ, ಎಳೆದರೆ ಹರಿಯದೆ ಹಿಗ್ಗುವಂತಾದ ಮೇಲೆ ತುಂಡು ತುಂಡಾಗಿ ಸೇರಿಸಿ. ಬೆಣ್ಣೆ ಬಿದ್ದೊಡನೆ ಹಿಟ್ಟು ಗಲೀಜಾಗಿ ಕಾಣುತ್ತದೆ. ಹೆದರಿ ಮೈದಾ ಸುರಿಯಬೇಡಿ, ನಾದುತ್ತಿದ್ದರೆ ಮತ್ತೆ ಕೂಡಿಕೊಳ್ಳುತ್ತದೆ.

ಕಪ್ಪಾದದ್ದಕ್ಕೆ ಮಾತ್ರ ಜೇನೇ ಹೊಣೆ. ಅದರಲ್ಲಿರುವ ಫ್ರಕ್ಟೋಸ್ ಸಕ್ಕರೆಗಿಂತ ಬಹಳ ಕಡಿಮೆ ಉಷ್ಣಕ್ಕೇ ಕೆಂಪಾಗುತ್ತದೆ. 170 ಡಿಗ್ರಿಗೆ ಇಳಿಸಿ, ಓವನ್ನಿನ ಕೆಳಗಿನ ತಟ್ಟೆಯಲ್ಲಿಡಿ, ಮೇಲ್ಭಾಗ ಹೊಂಬಣ್ಣಕ್ಕೆ ಬಂದಾಗ ಫಾಯಿಲ್ ಹೊದಿಸಿ. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುವಿನಲ್ಲಿ 90 ಡಿಗ್ರಿ ತೋರಬೇಕು. ಬಿಸಿಯಲ್ಲೇ ಕತ್ತರಿಸುವವರ ಬ್ರೆಡ್ ಬೆಂದಿದ್ದರೂ ಹಸಿಯಂತೆಯೇ ಕಾಣುತ್ತದೆ. ನಮ್ಮ ಮನೆಯವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಪ್ರಶ್ನೆ: ಅದೇ ಬಗೆಯ ಬ್ರೆಡ್ಡಿಗೆ ನಮ್ಮ ಕಿತ್ತಳೆ, ಏಲಕ್ಕಿ, ಚಕ್ಕೆ ಹಾಕಬಹುದೇ?
– ಓದುಗರು, ಗೋಣಿಕೊಪ್ಪ

ಉತ್ತರ: ಏಲಕ್ಕಿ ಧಾರಾಳವಾಗಿ, ಸಿಪ್ಪೆ ಬಿಟ್ಟು ಕಾಳನ್ನಷ್ಟೇ ಕುಟ್ಟಿ. ಚಕ್ಕೆಪುಡಿ ಯೀಸ್ಟನ್ನು ತಡೆಯುತ್ತದೆ, ಆದ್ದರಿಂದ ಹಿಟ್ಟಿಗೆ ಬೆರೆಸದೆ ಬೆಣ್ಣೆ, ಬೆಲ್ಲದೊಂದಿಗೆ ಒಳಗೆ ಸವರಿ ಸುರುಳಿ ಸುತ್ತಿ. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ತುರಿಯಲು ಹೋದರೆ ಜಾರುತ್ತದೆ. ಸುಲಿದು, ಒಳಗಿನ ಬಿಳಿ ಭಾಗವನ್ನು ಚಮಚದಿಂದ ಪೂರ್ತಿ ಕೆರೆದು, ಉಳಿದದ್ದನ್ನು ಸಣ್ಣಗೆ ಹೆಚ್ಚಿ ಬೆಣ್ಣೆಯ ಜೊತೆಗೇ ಸೇರಿಸಿ. ಬಿಳಿ ಉಳಿದರೆ ಕಹಿ.