ರಾತ್ರಿ ಹನ್ನೊಂದೂವರೆ ಮೇಲ್

ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದ ಒಬ್ಬ ಹೆಣ್ಮಗಳ ವಿಷ್ಯ ಇದು, ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದೀನಿ. ವಯಸ್ಸು 36, ಟೀಮ್ ಲೀಡ್, ಚಿಕ್ಕ ಮಗು, ಎರಡು ವರ್ಷದಿಂದ ಫ್ಲೆಕ್ಸಿ ಟೈಮ್ (ಕೆಲಸದ ಹೊತ್ತನ್ನ ತಮಗೆ ಅನುಕೂಲ ಆಗೋ ಹಾಗೆ ಹೊಂದಿಸ್ಕೊಳ್ಳೋದು), ಕೆಲಸ ಪೂರ್ತಿ ಮನೆಯಿಂದ್ಲೇ.

ಬಂದು ಕೂತವ್ರೇ ಕೇಳಿದ್ದು, "ಮೇಡಂ, ಫ್ಲೆಕ್ಸಿ ಬಿಟ್ಬಿಡ್ಲಾ?" ರೇಟಿಂಗ್ ಚೆನ್ನಾಗೇ ಇದೆ, ಆದ್ರೂ ಪ್ರಮೋಷನ್ ಎರಡು ಸಲ ತಪ್ಪಿದೆ, ಇವ್ರೇ ಕೆಲಸ ಕಲಿಸಿದ ಹುಡುಗ ಈಗ ಇವ್ರಿಗೇ ಮ್ಯಾನೇಜರ್, ಯಾಕೆ ಸರ್ ಅಂತ ಮೇಲಿನವ್ರನ್ನ ಕೇಳಿದ್ರೆ "ನಿಮಗೆ ಮನೇಲಿ ಜವಾಬ್ದಾರಿ ಜಾಸ್ತಿ ಅಲ್ವಾ, ತೊಂದ್ರೆ ಕೊಡೋದು ಬೇಡ ಅಂದ್ಕೊಂಡ್ವಿ" ಅಂದ್ರಂತೆ. ಇಷ್ಟು ಮರ್ಯಾದೆಯಾಗಿ ಹೇಳಿದ್ರೆ ಜಗಳ ಆಡೋಕೂ ಬಾಯಿ ಬರಲ್ಲ ನೋಡಿ.

ಮಾತಾಡ್ತಾ ಇನ್ನೊಂದು ವಿಷ್ಯ ಹೊರಗೆ ಬಂತು. ಸಂಜೆ ಐದಕ್ಕೆ ಲಾಗೌಟ್ ಆಗೋವಾಗ ದಿನಾ ಗ್ರೂಪಲ್ಲಿ "ಸಾರಿ" ಅಂತ ಮೆಸೇಜ್ ಹಾಕ್ತಾರೆ, ಆಮೇಲೆ ಮಗು ಮಲಗಿಸಿ ರಾತ್ರಿ ಹನ್ನೊಂದೂವರೆಗೆ ಮೇಲ್ ಕಳಿಸ್ತಾರೆ, ಅರ್ಜೆಂಟ್ ಏನೂ ಇರಲ್ಲ, ತಾನೂ ದುಡೀತಿದೀನಿ ಅಂತ ಗೊತ್ತಾಗ್ಲಿ ಅಂತ ಅಷ್ಟೇ. ಆ ಮೇಲ್ ಯಾರೂ ಲೆಕ್ಕಕ್ಕೆ ಇಟ್ಕೊಂಡಿಲ್ಲ, "ಸಾರಿ" ಮಾತ್ರ ಎಲ್ರಿಗೂ ನೆನಪಿದೆ.

ತಪ್ಪು ನಂದೇನಾ ಅಂತ ಅತ್ರು. ಅಲ್ಲ ಅಂತ ಬರೀ ಬಾಯಲ್ಲಿ ಹೇಳಿದ್ರೆ ನಂಬೋರಲ್ಲ, ಅದಕ್ಕೇ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ತಂಡ ಚೀನಾದ ಸಿಟ್ರಿಪ್ ಅನ್ನೋ ಟ್ರಾವೆಲ್ ಕಂಪನೀಲಿ ಮಾಡಿದ ಸ್ಟಡಿ ಹೇಳ್ದೆ, 2015ರಲ್ಲಿ ಪ್ರಕಟ ಆಗಿದ್ದು: ಮನೆಯಿಂದ ಕೆಲಸ ಮಾಡಿದವ್ರ ಕೆಲಸ 13% ಜಾಸ್ತಿ ಆಯ್ತು, ಆದ್ರೆ ಅಷ್ಟೇ ಕೆಲಸ ಮಾಡಿದ ಆಫೀಸಿನವ್ರಿಗಿಂತ ಪ್ರಮೋಷನ್ ಕಮ್ಮಿ. ಅದೇ ಕಂಪನೀಲಿ ವಾರಕ್ಕೆ ಎರಡು ದಿನ ಮಾತ್ರ ಮನೆ ಅಂತ ಮಾಡಿದಾಗ (ಇದು 2024ರಲ್ಲಿ ಬಂದಿದ್ದು) ಪ್ರಮೋಷನ್‌ಗೆ ಏನೂ ಪೆಟ್ಟು ಬೀಳ್ಲಿಲ್ಲ, ಕೆಲಸ ಬಿಡೋರೂ ಮೂರನೇ ಒಂದು ಭಾಗ ಕಮ್ಮಿ ಆದ್ರು.

ಹಾಗಾಗಿ ಫ್ಲೆಕ್ಸಿ ಬಿಡಬೇಡಿ ಅಂದೆ, ಟೀಮ್ ಎಲ್ಲಾ ಬರೋ ದಿನಗಳನ್ನ ನೋಡ್ಕೊಂಡು ಆವತ್ತು ನೀವೂ ಹೋಗಿ. ಆ ದಿನ ಮಗು ಯಾರು ನೋಡ್ತಾರೆ ಅಂದ್ರು. ಗಂಡನ ಆಫೀಸಲ್ಲೂ ಫ್ಲೆಕ್ಸಿ ಇದೆಯಂತೆ, ಇವತ್ತಿನವರೆಗೂ ಅವ್ರು ಕೇಳೇ ಇಲ್ಲ! ನಮ್ಮ ಅರ್ಧ ಸೆಷನ್ ಇದ್ರಲ್ಲೇ ಹೋಯ್ತು, ಹೋಗ್ಬೇಕಾಗಿದ್ದೂ ಇದ್ರಲ್ಲೇ. ರಾತ್ರಿ ಮೇಲ್ ನಿಲ್ಸಿ, ಬದಲಿಗೆ ವಾರಕ್ಕೊಂದ್ಸಲ ಏನೇನು ಮುಗೀತು ಅಂತ ನಾಲ್ಕು ಸಾಲು ಕಳ್ಸಿ ಅಂದೆ. "ಮುಂದಿನ ಹುದ್ದೆಗೆ ಏನೇನು ನೋಡ್ತೀರಿ, ನನ್ನಲ್ಲಿ ಯಾವ್ದು ಕಮ್ಮಿ" ಅಂತ ಅಪ್ರೈಸಲ್‌ಗೆ ಮುಂಚೇನೇ ಬರವಣಿಗೇಲಿ ಕೇಳಿ, "ದೊಡ್ಡ ಪ್ರಾಜೆಕ್ಟ್ ಬಂದಾಗ ನನ್ನನ್ನೂ ಕೇಳಿ, ಆಗಲ್ಲ ಅಂದ್ರೆ ನಾನೇ ಹೇಳ್ತೀನಿ" ಅಂತಾನೂ ಸೇರ್ಸಿ.

ಮುಂದಿನ ಸಲ ಮೇಲ್ ಬರ್ಕೊಂಡು ಬಂದ್ರು, ಅದ್ರಲ್ಲಿ ಮೂರು "ಸಾರಿ" ಇತ್ತು, ಇಬ್ರೂ ನಗ್ತಾ ತೆಗೆದ್ವಿ. ಉತ್ತರದಲ್ಲಿ ಎರಡು ಸರಿಯಾದ ಅಂಶ ಬಂತು, ಮೂರನೇದು ಬರೀ "ವಿಸಿಬಿಲಿಟಿ". ಹಾಗಂದ್ರೇನು ಅಂತ ತಿರುಗಿ ಕೇಳಿದಾರೆ, ಇನ್ನೂ ಉತ್ತರ ಬಂದಿಲ್ಲ.